ವ್ಯಾಲೊರಂಟ್ ಅನ್‌ಇನ್‌ಸ್ಟಾಲ್ ಮಾಡಿದರೂ ವಾರದೊಳಗೆ ಮತ್ತೆ ಹಾಕಿಕೊಳ್ಳುತ್ತೇನೆ, ಬಿಡುವುದು ಹೇಗೆ?

ಎಂಜಿನಿಯರಿಂಗ್ ಐದನೇ ಸೆಮ್, ಹಾಸ್ಟೆಲ್ ರೂಮು, ರಾತ್ರಿ ಹತ್ತಕ್ಕೆ ಕೂತರೆ ಮೂರು ಗಂಟೆಯ ತನಕ ಈ ಆನ್‌ಲೈನ್ ಶೂಟಿಂಗ್ ಆಟ. ನಾಲ್ಕು ಸಲ ಅಳಿಸಿ ನಾಲ್ಕು ಸಲವೂ ಮತ್ತೆ ಹಾಕಿಕೊಂಡಿರಿ, ಮನಸ್ಸು ಗಟ್ಟಿಯಿಲ್ಲ ಎಂದು ಬರೆದಿದ್ದೀರಿ. ನಾನು ಅದನ್ನು ಒಪ್ಪುವುದಿಲ್ಲ. ನೀವು ಅಳಿಸಿದ್ದು ಫೈಲನ್ನು ಮಾತ್ರ. ರ‍್ಯಾಂಕು, ಸ್ಕಿನ್ನು (ಆಟದ ಬಂದೂಕಿಗೆ ಕೊಳ್ಳುವ ಅಲಂಕಾರ), ಗೆಳೆಯರ ಪಟ್ಟಿ ಎಲ್ಲ ಅಕೌಂಟಿನಲ್ಲೇ ಉಳಿದಿವೆ. 100 ಎಂಬಿಪಿಎಸ್ ನೆಟ್ ಇದ್ದರೆ 40 ಜಿಬಿ ಇಳಿಯಲು ಒಂದು ಗಂಟೆಯೂ ಬೇಡ.

ಹಾಗಾಗಿ ಬೀಗ ಹಾಕಬೇಕಾದ್ದು ಅಕೌಂಟಿಗೆ. ಅದರ ಇಮೇಲ್ ವಿಳಾಸವನ್ನೇ ಬದಲಿಸಿ ಅಕ್ಕನದ್ದೋ, ಆಟದ ಗೀಳಿಲ್ಲದ ಗೆಳೆಯನದ್ದೋ ಹಾಕಿ. ಹೊಸ ಪಾಸ್‌ವರ್ಡನ್ನು ಅವರೇ ಟೈಪ್ ಮಾಡಲಿ, ಎರಡು ಹಂತದ ಲಾಗಿನ್ ಆನ್ ಆಗಲಿ, ಕೋಡ್ ಅವರಿಗೇ ಹೋಗಲಿ. ಬರೀ ಪಾಸ್‌ವರ್ಡ್ ಬದಲಿಸಿ ಕೊಟ್ಟರೆ ಪ್ರಯೋಜನವಿಲ್ಲ: ‘ಪಾಸ್‌ವರ್ಡ್ ಮರೆತಿದೆ’ ಒತ್ತಿದರೆ ದಾರಿ ನಿಮ್ಮ ಇಮೇಲಿಗೇ ತೆರೆಯುತ್ತದೆ. 90 ದಿನ ಕೇಳಿದರೂ ಕೊಡಬಾರದು ಎಂದು ಮೊದಲೇ ಮಾತಾಗಿರಲಿ. ಆಟದ ಜೊತೆ ಬರುವ, ಮೋಸದಾಟ ತಡೆಯುವ ವ್ಯಾನ್‌ಗಾರ್ಡ್ ಸಾಫ್ಟ್‌ವೇರನ್ನು ಬೇರೆಯಾಗಿ ತೆಗೆಯಬೇಕು, ಮರೆಯಬೇಡಿ. ಮತ್ತೆ ಹಾಕಿದರೆ ಅದು ರೀಸ್ಟಾರ್ಟ್ ಕೇಳುತ್ತದೆ, ಯೋಚಿಸಲು ಆ ಎರಡು ನಿಮಿಷವೂ ಸಿಗಲಿ. ಹೊಸ ಅಕೌಂಟ್ ಪುಕ್ಕಟೆ ಸಿಗುತ್ತದೆ, ನಿಜ. ಆದರೆ ಅಲ್ಲಿ ಎಲ್ಲವೂ ಸೊನ್ನೆಯಿಂದ, ಸೆಳೆತ ಅಷ್ಟಿರುವುದಿಲ್ಲ.

‘ದಿನಕ್ಕೆ ಒಂದೇ ಗಂಟೆ’ ಎಂಬ ಲೆಕ್ಕ ಈ ಆಟದಲ್ಲಿ ನಿಲ್ಲುವುದೇ ಇಲ್ಲ. ಮೊದಲು 13 ರೌಂಡ್ ಗೆದ್ದವರದು ಮ್ಯಾಚು, ಅದಕ್ಕೆ 30–40 ನಿಮಿಷ. ನಡುವೆ ಎದ್ದುಹೋದರೆ ಪೆನಾಲ್ಟಿ, ಜೊತೆಗಾರರಿಂದ ಬೈಗುಳ. ಅಲಾರಂ ಹೊಡೆಯುವುದು ಮ್ಯಾಚಿನ ಮಧ್ಯದಲ್ಲೇ. ಸೋತರೆ ಕಳೆದ ಪಾಯಿಂಟ್ ವಾಪಸ್ ಬೇಕೆನಿಸುತ್ತದೆ, ಗೆದ್ದರೆ ಇನ್ನೊಂದು. ಆದ್ದರಿಂದ ನಿಮಗೆ ನಾನು ಹೇಳುವುದು ಕಡಿಮೆ ಮಾಡುವುದನ್ನಲ್ಲ, ಪೂರ್ತಿ ನಿಲ್ಲಿಸುವುದನ್ನು.

ಜೊತೆಗೆ ಆಡುವ ನಾಲ್ವರಿಗೆ ಒಂದೇ ಮೆಸೇಜ್: ‘ಮೂರು ತಿಂಗಳು ಆಡುವುದಿಲ್ಲ, ಕರೆಯಬೇಡಿ.’ ಆಟದ ಗೆಳೆಯರು ಹರಟುವ ಡಿಸ್ಕಾರ್ಡ್ ಸರ್ವರನ್ನು ಮ್ಯೂಟ್ ಮಾಡಿದರೆ ಸಾಲದು, ಹೊರಬನ್ನಿ. ಊಟ ಮಾಡುತ್ತ ನೋಡುವ ಸ್ಟ್ರೀಮು, ಕ್ಲಿಪ್ಪುಗಳೂ ಹೋಗಲಿ. ಜಾರುವುದು ಅಲ್ಲಿಂದಲೂ ಆಗಬಹುದು.

ಖಾಲಿಯಾದ ಐದು ಗಂಟೆಯನ್ನು ಓದಿಗೇ ಮೀಸಲಿಟ್ಟರೆ ಹೆಚ್ಚು ದಿನ ಬಾಳುವುದಿಲ್ಲ. ಆಟ ಕೊಡುತ್ತಿದ್ದದ್ದು ಜೊತೆ, ಪೈಪೋಟಿ, ಕಣ್ಣಿಗೆ ಕಾಣುವ ಏಳಿಗೆ. ಶಟಲ್, ವಾಲಿಬಾಲ್, ಜಿಮ್, ಯಾವುದಾದರೂ ಸರಿ, ನಾಲ್ಕು ಜನರ ಜೊತೆ ದಿನಾ ಒಂದೇ ಹೊತ್ತಿಗೆ ಇರಲಿ. ಓದಿಗೆ ಮೊದಲು 45 ನಿಮಿಷ ಸಾಕು. ರಾತ್ರಿ ಹತ್ತಕ್ಕೆ ಲ್ಯಾಪ್‌ಟಾಪ್ ಪಕ್ಕದ ರೂಮಿಗೆ ಹೋಗಲಿ. ಮೂರಕ್ಕೆ ಮಲಗುತ್ತಿದ್ದವರಿಗೆ ಹನ್ನೊಂದಕ್ಕೇ ನಿದ್ದೆ ಹತ್ತದು, ಅದಕ್ಕೆ ಮಲಗುವ ಸಮಯಕ್ಕಿಂತ ಏಳುವ ಸಮಯವನ್ನು ಗಟ್ಟಿ ಮಾಡಿ. ಬೆಳಿಗ್ಗೆ ಏಳು ಗಂಟೆಯೆಂದರೆ ಏಳೇ, ಭಾನುವಾರವೂ.

ಮೊದಲ ಎರಡು ವಾರ ಸಿಡಿಮಿಡಿ, ಬೇಸರ, ಅರೆಬರೆ ನಿದ್ದೆ ಇರಬಹುದು. ತುಡಿತ ಎದ್ದಾಗ ರೂಮಿನಿಂದ ಹೊರಗೆ ನಡೆಯಿರಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಜಾರಿದರೆ ಅದೇ ದಿನ ಪಾಸ್‌ವರ್ಡ್ ಇಟ್ಟುಕೊಂಡವರಿಗೆ ಹೇಳಿ. ಯಾವ ಹೊತ್ತಿಗೆ, ಯಾರು ಕರೆದದ್ದಕ್ಕೆ ಎಂದು ಬರೆದಿಟ್ಟು ಆ ದಾರಿಯನ್ನೂ ಮುಚ್ಚಿ.

2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಆಟದ ಗೀಳಿಗೂ ಜಾಗವಿದೆ. ಅದರ ಲಕ್ಷಣ: ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಂದಾಗುವುದು, ನಷ್ಟ ಕಂಡರೂ ಮುಂದುವರಿಸುವುದು, ಸಾಮಾನ್ಯವಾಗಿ 12 ತಿಂಗಳು. ನೀವು ವರ್ಷ ತುಂಬಲು ಕಾಯಬೇಡಿ. ಪರೀಕ್ಷೆ ತಪ್ಪುತ್ತಿದ್ದರೆ, ಆಟವಿಲ್ಲದಾಗ ಬದುಕೇ ಬೇಡವೆನಿಸಿದರೆ ಈಗಲೇ ಮನೋವೈದ್ಯರ ಬಳಿ ಹೋಗಿ. ಅಡಿಯಲ್ಲಿ ಖಿನ್ನತೆಯೋ ಆತಂಕವೋ ಇದ್ದರೆ ಬೀಗದಿಂದ ಅದು ಗುಣವಾಗದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ‘ಶಟ್’ ಕ್ಲಿನಿಕ್ ಇದೆ. ದೂರದ ಊರಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೋಗುವಾಗ ಏಳು ದಿನದ ಲೆಕ್ಕ ಒಂದು ಹಾಳೆಯಲ್ಲಿರಲಿ: ಕೂತದ್ದು, ಎದ್ದದ್ದು, ಮಲಗಿದ್ದು, ಬಿಟ್ಟ ಕ್ಲಾಸು, ಸ್ಕಿನ್ನಿಗೆ ಹೋದ ದುಡ್ಡು.