ಬಾಣದೆಲೆ ಗೆಡ್ಡೆ: ಎಲೆ ದಂಡಿ, ಗೆಡ್ಡೆ ಎಲ್ಲಿ?

ಪ್ರಶ್ನೆ: ನಾವು ಕೌಲಾಲಂಪುರದಲ್ಲಿದ್ದೇವೆ. ಚೀನೀ ಹೊಸ ವರ್ಷದ ಹೊತ್ತಿಗೆ ಇಲ್ಲಿ ಬಾಣದೆಲೆ ಗೆಡ್ಡೆ ‘ಙಾಕು’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬರುತ್ತದೆ. ಮೊಳಕೆ ಬಂದ ನಾಲ್ಕನ್ನು ಒಂದೇ ಬಕೆಟ್ಟಿನ ಕೆಸರಿನಲ್ಲಿ ನೆಟ್ಟೆ. ಬಾಣದಂಥ ಎಲೆ ದಂಡಿಯಾಗಿ ಬಂದವು. ಐದು ತಿಂಗಳಾದ ಮೇಲೆ ಗಿಡ ಕಿತ್ತರೆ ಬರೀ ಬೇರು. ತಪ್ಪಿದ್ದು ಎಲ್ಲಿ?

ಉತ್ತರ: ಮೊದಲು ಆ ಕೆಸರನ್ನು ಎಸೆಯದೆ ತಳದವರೆಗೆ ಬೆರಳಾಡಿಸಿ ನೋಡಿ. ಇದು ಕೆಸುವಿನ ಗೆಡ್ಡೆಯ ಹಾಗೆ ಬುಡಕ್ಕೆ ಅಂಟಿ ಬೆಳೆಯುವುದಿಲ್ಲ. ಬುಡದಿಂದ ಬಿಳಿಯ ಬಳ್ಳಿಗಳು ಕೆಸರಿನೊಳಗೆ ಓರೆಯಾಗಿ ಇಳಿದು ಒಂದು, ಒಂದೂವರೆ ಅಡಿ ದೂರ ಹೋಗುತ್ತವೆ. ಉಬ್ಬುವುದು ಅವುಗಳ ತುದಿ ಮಾತ್ರ. ಗಿಡ ಹಿಡಿದೆಳೆದರೆ ಬಳ್ಳಿ ತುಂಡಾಗಿ ಗೆಡ್ಡೆ ಕೆಸರಿನಲ್ಲೇ ಉಳಿಯುತ್ತದೆ.

ನಿಜವಾಗಿಯೂ ಗೆಡ್ಡೆ ಕಟ್ಟಿರದಿದ್ದರೆ ಜಾಗ ಸಾಲದಾಗಿದೆ. ನಾಲ್ಕು ಗಿಡಕ್ಕೆ ಒಂದು ಬಕೆಟ್ಟು ಏನೇನೂ ಸಾಲದು. ಎರಡಡಿ ಅಗಲ, ಒಂದಡಿ ಆಳದ ಟಬ್ಬಿಗೆ ಒಂದೇ ಗಿಡ ಇಡಿ. 20 ಸೆಂಟಿಮೀಟರ್ ಗದ್ದೆಮಣ್ಣು ತುಂಬಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಕಲಸಿ. ಹಸಿ ಸಗಣಿ ಬೇಡ, ನೀರಿನಡಿ ಹುಳಿತು ಬೇರು ಕೊಳೆಯುತ್ತದೆ. ಕೊಕ್ಕಿನಂಥ ಮೊಳಕೆ ಮುರಿಯದ ಗೆಡ್ಡೆ ಆರಿಸಿ, ಮೊಳಕೆ ಮೇಲಾಗಿ, ಗೆಡ್ಡೆ ಪೂರ್ತಿ ಮುಚ್ಚುವಷ್ಟು ಆಳಕ್ಕೆ ಊರಿ. ಮೊದಲಿಗೆ ಎರಡು ಬೆರಳು ನೀರು, ಗಿಡ ಎದ್ದ ಮೇಲೆ 10 ಸೆಂಟಿಮೀಟರ್.

ಎಲೆ ಸೊಕ್ಕುವುದಕ್ಕೆ ಯೂರಿಯಾ ಸಾಮಾನ್ಯ ಕಾರಣ. ಹಾಕಿದ್ದರೆ ನಿಲ್ಲಿಸಿ, ಮೂರನೇ ತಿಂಗಳ ನಂತರ ಪೊಟ್ಯಾಷ್ ಇರುವ ಗೊಬ್ಬರ ಸ್ವಲ್ಪ ಕೊಡಿ. ಹಳದಿಯಾದ ಹೊರಗಿನ ಎಲೆಗಳನ್ನು ಬುಡದಿಂದ ತೆಗೆದು, ನಡುವಿನ ನಾಲ್ಕೈದು ಉಳಿಸಿ. ಬಳ್ಳಿ ಓಡಲು ಶುರುವಾದ ಮೇಲೆ ಮಾತ್ರ ಕೆಸರಿಗೆ ಕೈ ಹಾಕಬೇಡಿ.

ಹಗಲು ಕುಗ್ಗಿ ತಂಪು ಇಳಿದಾಗ ಗೆಡ್ಡೆ ಚೆನ್ನಾಗಿ ಕೂರುತ್ತದೆ. ಜಪಾನಿನಲ್ಲಿ ಇದೇ ಗೆಡ್ಡೆಗೆ ‘ಕುವಾಯಿ’ ಎನ್ನುತ್ತಾರೆ, ಹಿರೋಶಿಮಾ ಪ್ರಾಂತ್ಯದ ಫುಕುಯಾಮಾ ಅದಕ್ಕೆ ಹೆಸರಾದ ಊರು. ಅಲ್ಲಿ ಬೇಸಿಗೆಯಲ್ಲಿ ನೆಟ್ಟು ನವೆಂಬರಿನಿಂದ ಕೀಳುತ್ತಾರೆ. ಅಗೆಯಲು ಗುದ್ದಲಿ ಇಲ್ಲ, ರಭಸದ ನೀರು ಹಾಯಿಸಿ ತೇಲಿಸುತ್ತಾರೆ. ನೀವೂ ಎಲೆ ಒಣಗುವವರೆಗೆ ಕಾಯಿರಿ, ಆರು ತಿಂಗಳಿಗಿಂತ ಮುಂಚೆ ಆಸೆ ಬೇಡ. ಆಮೇಲೆ ಟಬ್ಬನ್ನೇ ಬೋರಲು ಹಾಕಿ ಪೈಪಿನ ನೀರಿನಲ್ಲಿ ಕೆಸರು ತೊಳೆಯಿರಿ.

ಎಲೆಯ ಮೇಲೆ ಹಳದಿ ಗುಳ್ಳೆ ಎದ್ದು, ಒಡೆದಾಗ ಕಪ್ಪು ಪುಡಿ ಉದುರಿದರೆ ಅದು ಕಾಡಿಗೆ ರೋಗ. ಆ ಎಲೆಗಳನ್ನು ಕಿತ್ತು ಸುಟ್ಟುಬಿಡಿ. ಆ ಗಿಡದ ಗೆಡ್ಡೆಯನ್ನು ಬಿತ್ತನೆಗೆ ಇಡಬೇಡಿ.

ಪ್ರಶ್ನೆ: ಅದೇ ಗೆಡ್ಡೆಯ ಪಲ್ಯ ಕಹಿಯಾಯಿತು. ಕೆಟ್ಟಿತ್ತೇ?

ಉತ್ತರ: ಇಲ್ಲ, ತುಸು ಕಹಿ ಅದರ ಗುಣವೇ. ಸಿಪ್ಪೆ ಹೆರೆದು, ಅಕ್ಕಿ ತೊಳೆದ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಆ ನೀರು ಚೆಲ್ಲಿ, ಬಳಿಕ ಒಗ್ಗರಣೆಗೆ ಹಾಕಿ. ತೆಳ್ಳಗೆ ಹೆಚ್ಚಿ ಕರಿದರೆ ಸಂಡಿಗೆಯ ಹಾಗೆ ಗರಿಗರಿ. ಹಸಿಯಾಗಿ ತಿನ್ನುವ ವಸ್ತುವಲ್ಲ.

ಪ್ರಶ್ನೆ: ಶಿವಮೊಗ್ಗದ ನರ್ಸರಿಯಲ್ಲಿ ‘ಆ್ಯರೋಹೆಡ್’ ಎಂದು ಕೊಟ್ಟ ಗಿಡ ತಂದಿದ್ದೇನೆ. ಗೆಡ್ಡೆ ತಿನ್ನಬಹುದೇ?

ಉತ್ತರ: ಬೇಡವೇ ಬೇಡ. ಆ ಹೆಸರಿನಲ್ಲಿ ಕುಂಡದಲ್ಲಿ ಮಾರುವುದು ಹೆಚ್ಚಾಗಿ ಸಿಂಗೋನಿಯಂ. ಕೆಸುವಿನ ಬಳಗದ ಅಲಂಕಾರದ ಬಳ್ಳಿ ಅದು, ತಿಂದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತದೆ. ಅದರ ಗಿಣ್ಣುಗಳಲ್ಲಿ ಗಾಳಿಬೇರು ಇರುತ್ತದೆ, ಆಸರೆ ಸಿಕ್ಕರೆ ಹಬ್ಬುತ್ತದೆ. ತಿನ್ನುವ ಬಾಣದೆಲೆ ಹಬ್ಬುವುದಿಲ್ಲ. ಬುಡದಿಂದಲೇ ನೆಟ್ಟಗೆ ನಿಲ್ಲುವ ಅದರ ದೇಟನ್ನು ಅಡ್ಡ ಕತ್ತರಿಸಿದರೆ ಒಳಗೆ ಸ್ಪಂಜಿನಂಥ ಗಾಳಿಗೂಡು ಕಾಣುತ್ತದೆ. ಹೂವಿಗೆ ಮೂರೇ ಬಿಳಿ ಎಸಳು. ಹೂ ಬರುವ ತನಕ ಅನುಮಾನವಿದ್ದರೆ ಬಾಯಿಗಿಡಬೇಡಿ.

ಹೊರದೇಶದಿಂದ ಬ್ಯಾಗಿನಲ್ಲಿ ಗೆಡ್ಡೆ ತರಿಸಿಕೊಳ್ಳುವ ಯೋಚನೆಯೂ ಬೇಡ, ನೆಡುವ ಗೆಡ್ಡೆಗೆ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ತಿನ್ನುವ ಬಾಣದೆಲೆಯ ಕಾಡು ತಳಿ ಜಪಾನಿನ ಭತ್ತದ ಗದ್ದೆಗಳಲ್ಲಿ ಹಟಮಾರಿ ಕಳೆ. ಆದ್ದರಿಂದ ಯಾವ ಬಾಣದೆಲೆಯನ್ನೇ ಬೆಳೆದರೂ ಟಬ್ಬಿನ ಕೆಸರನ್ನು ಕೆರೆಗೆ, ಗದ್ದೆಗೆ ಸುರಿಯಬೇಡಿ. ಬಿಸಿಲಲ್ಲಿ ಹರವಿ ಪೂರ್ತಿ ಒಣಗಿಸಿ, ಉಳಿದ ಗೆಡ್ಡೆ ಆರಿಸಿ ತೆಗೆದ ಮೇಲೆಯೇ ಹೊರಗೆ ಹಾಕಿ.