‘ಪ್ಲೆಗಾರಿಯಾ ಆ ಉನ್ ಲಾಬ್ರಾದೋರ್’ ಸಪ್ಪೆ ಅನ್ನಿಸುತ್ತಿರುವುದಕ್ಕೆ ಪ್ರತಿಕ್ರಿಯೆ

ನೀವು ಎಂಟು ಜನ ಈ ಸ್ಪ್ಯಾನಿಷ್ ಹಾಡನ್ನು ಮೊದಲ ಸಾಲಿನಿಂದಲೇ ಜೋರಾಗಿ, ಒಂದೇ ಲಯದಲ್ಲಿ ಹಾಡುತ್ತೀರಿ, ಕೊನೆಗೆ ಉಸಿರು ಸಾಲುವುದಿಲ್ಲ ಅಂದಿದ್ದೀರಿ. ಕಾರಣ ಬಹುಶಃ ಆ ಆರಂಭವೇ. ನಿಮ್ಮ ರೆಕಾರ್ಡಿಂಗ್ ಕೇಳಿಲ್ಲ, ಹಾಗಾಗಿ ‘ಬಹುಶಃ’ ಅಂತಲೇ ಹೇಳುತ್ತೇನೆ.

ಚಿಲಿಯ ಹಾಡುಗಾರ ವಿಕ್ಟರ್ ಹಾರಾ ಇದನ್ನು ಕಟ್ಟಿದ್ದೇ ಪ್ರಾರ್ಥನೆಯ ಹಾಗೆ. ಕ್ರೈಸ್ತರ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆಯ ಅಚ್ಚು ಇದರಲ್ಲಿದೆ. ಆದರೆ ಬೇಡಿಕೊಳ್ಳುವುದು ದೇವರನ್ನಲ್ಲ, ಹೊಲದಲ್ಲಿ ದುಡಿಯುವ ರೈತನನ್ನು: ಏಳು, ನಿನ್ನ ಕೈಗಳನ್ನು ನೋಡಿಕೋ, ಪಕ್ಕದವನ ಕೈ ಹಿಡಿ. ಪಿಸುಮಾತಿನಿಂದ ಕೂಗಿನವರೆಗೆ ಏರಬೇಕಾದ ಹಾಡು ಇದು.

ಮೊದಲು, 1969ರ ಸ್ಯಾಂಟಿಯಾಗೋ ಉತ್ಸವಕ್ಕಾಗಿ ಅವರು ಕಿಲಾಪಾಯುನ್ ತಂಡದ ಜೊತೆ ಹಾಡಿದ ರೂಪವನ್ನು ಹುಡುಕಿ ಕೇಳಿ. ಆಮೇಲೆ ಮೊದಲ ಎರಡು ಪದ್ಯಗಳನ್ನು ಒಬ್ಬರಿಗೇ ಕೊಡಿ. ಗಿಟಾರ್ ಒಂದೇ ಸಾಕು. ‘ಲೀಬ್ರಾನೋಸ್’ ಅಂತ ಶುರುವಾಗುವ ಸಾಲಿನಲ್ಲಿ, ಅಂದರೆ ನಮ್ಮನ್ನು ಬಡತನದಲ್ಲಿಟ್ಟು ಆಳುವವನಿಂದ ಬಿಡಿಸು ಅನ್ನುವಲ್ಲಿ, ಎಲ್ಲರೂ ಸೇರಿ ಲಯ ಏರಿಸಿ. ಅದಕ್ಕೂ ಮುಂಚೆ ಬೇಡ. ಆ ಸಾಲಿನ ಭಾರ ಗೊತ್ತಾಗುವುದೇ ಹಿಂದಿನ ಮೌನದಿಂದ, ಅಲ್ವಾ? ಕೊನೆಯ ‘ಆಮೆನ್’ ತನಕ ಉಸಿರು ಉಳಿಸಿಕೊಳ್ಳಲು ಇಬ್ಬಿಬ್ಬರು ಸರದಿಯಲ್ಲಿ ಉಸಿರು ತೆಗೆದುಕೊಳ್ಳಿ.

ಉಚ್ಚಾರಕ್ಕೆ ಜಾಸ್ತಿ ಹೆದರಬೇಡಿ. ಇಂಗ್ಲಿಷಿನ ‘ಟ’, ‘ಡ’ ಬಿಟ್ಟು ನಮ್ಮ ‘ತ’, ‘ದ’ ಬಳಸಿ. ಸಾಹಿತ್ಯವನ್ನು ಕನ್ನಡ ಲಿಪಿಯಲ್ಲೇ ಬರೆದುಕೊಂಡು, ಒತ್ತು ಬೀಳುವ ಅಕ್ಷರಕ್ಕೆ ಗೆರೆ ಎಳೆಯಿರಿ: ‘ಏಳು’ ಅನ್ನುವ ಲೆ-ಬಾನ್-ತಾ-ತೆಯಲ್ಲಿ ‘ಬಾನ್’ ಮೇಲೆ. ಮೊದಲು ರಾಗ ಬಿಟ್ಟು ಸುಮ್ನೆ ಓದಿ, ಆಮೇಲೆ ಹಾಡಿ.