ನೋಂದಣಿ ಪತ್ರದಲ್ಲಿರುವ ಹೆಬ್ಬೆಟ್ಟಿನ ಗುರುತು ದುರುಪಯೋಗ ಆಗದಂತೆ ತಡೆಯೋದು ಹೇಗೆ?

ಸೈಟು ನೋಂದಣಿ ಮಾಡಿಸಿದವರು ಕೇಳುವ ಪ್ರಶ್ನೆ ಇದು. ಭಯಕ್ಕೆ ಕಾರಣ ಇದೆ. ನೋಂದಣಿ ಕಾಯ್ದೆ 1908ರ ಪ್ರಕಾರ ಆಸ್ತಿ ಪತ್ರಗಳ ನಕಲನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ಪಡೆಯಬಹುದು. ಆ ಪತ್ರದಲ್ಲೇ ಫೋಟೋ, ಹೆಬ್ಬೆಟ್ಟು ಇರುತ್ತದೆ, ಎಷ್ಟೋ ಸಲ ಆಧಾರ್ ನಂಬರೂ ಇರುತ್ತದೆ. ಕಳ್ಳರು ಆ ಗುರುತನ್ನು ಸಿಲಿಕಾನ್‌ನಲ್ಲಿ ಅಚ್ಚು ತೆಗೆದು, ಆಧಾರ್ ಆಧಾರಿತ ಪಾವತಿಯಲ್ಲಿ ಖಾತೆಯಿಂದ ಹಣ ಎಳೆಯುತ್ತಾರೆ. ಅಲ್ಲಿ ಒಟಿಪಿ ಬೇಕಿಲ್ಲ, ಆಧಾರ್ ನಂಬರ್, ಬ್ಯಾಂಕಿನ ಹೆಸರಿನ ಜೊತೆ ಬೆರಳು ಸಾಕು.

ಮೊದಲು ಮಾಡಬೇಕಾದ್ದು ಬಯೋಮೆಟ್ರಿಕ್ ಲಾಕ್, ಅಂದರೆ ಆಧಾರ್‌ನಲ್ಲಿರುವ ಬೆರಳಚ್ಚು ಬಳಕೆಯಾಗದಂತೆ ಬೀಗ ಹಾಕೋದು. ಮೈ ಆಧಾರ್ ವೆಬ್‌ಸೈಟಿನಲ್ಲಿ ಉಚಿತವಾಗಿ ಮಾಡಬಹುದು, ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು. ಲಾಕ್ ಆದ ಮೇಲೆ ಅಸಲಿ ಬೆರಳೂ ನಡೆಯಲ್ಲ. ಆದ್ದರಿಂದ ಅಜ್ಜಿಯೋ ಅಮ್ಮನೋ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಅಕ್ಕಿ ತರುವವರಾದರೆ, ಹೋಗುವ ಮುಂಚೆ ನೀವೇ ಅನ್‌ಲಾಕ್ ಮಾಡಿಕೊಡಿ. ಸುಮ್ನೆ ಲಾಕ್ ಮಾಡಿ ಮರೆತರೆ ಅವರು ಬರಿಗೈಲಿ ವಾಪಸ್ ಬರಬೇಕಾಗುತ್ತದೆ.

ಜೆರಾಕ್ಸ್ ಕೊಡುವಾಗ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಅದರ ಮೇಲೆ ಯಾವ ಕೆಲಸಕ್ಕೆ ಅಂತ ಬರೆದು, ತಾರೀಖು ಹಾಕಿ.

ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಬರೆದು ಕೊಡಿ.

ಹಾಗಂತ ಎಲ್ಲಾ ಹೊಣೆ ಜನರ ಮೇಲೆ ಹಾಕೋದು ತಪ್ಪು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಆ ಅರ್ಜಿ ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಕಲು ಕೊಡುವ ಮುಂಚೆ ಬೆರಳಿನ ಗುರುತು ಮುಚ್ಚೋದು ಇಲಾಖೆಯ ಕೆಲಸವೇ, ಅಲ್ವಾ?